ಮಾಸ್ ಸ್ಪೆಕ್ ಇಲ್ಲದೆ ಮನುಷ್ಯ ಕೋಶದ ಸಕ್ಕರೆ ಸರಪಳಿ ಓದಿದ ಬಗೆ: ನನ್ನ ಅನುಭವ

ಹೆಪ್‌ಜಿ2 ಎಂಬ ಮನುಷ್ಯ ಯಕೃತ್ತಿನ ಕೋಶದೊಳಗೆ ಎನ್-ಗ್ಲೈಕಾನ್, ಅಂದರೆ ಪ್ರೋಟೀನಿಗೆ ಅಂಟುವ ಸಕ್ಕರೆ ಸರಪಳಿ, ಯಾವ ಹಂತದಲ್ಲಿ ಯಾವ ರೂಪದಲ್ಲಿರುತ್ತದೆ ಅನ್ನೋದನ್ನ ಒಂದು ಹಳೇ ಎಚ್‌ಪಿಎಲ್‌ಸಿ (ಮಿಶ್ರಣ ಬೇರ್ಪಡಿಸುವ ಯಂತ್ರ), ಅದಕ್ಕೊಂದು ಫ್ಲೋರೆಸೆನ್ಸ್ ಡಿಟೆಕ್ಟರ್, ಮೆಡಿಕಲ್ ಶಾಪಿನ ಹತ್ತಿ, ಮಂಡ್ಯ ಕಡೆಯ ಹುಳಿತ ಕಬ್ಬಿನ ಹಾಲು, ಇಷ್ಟರಲ್ಲೇ ತೋರಿಸಬಹುದು ಅಂದಾಗ ನಂಬಿದವರು ಕಡಿಮೆ. ಮಾಸ್ ಸ್ಪೆಕ್ (ಅಣುಗಳ ತೂಕ ಅಳೆಯುವ ದುಬಾರಿ ಯಂತ್ರ) ಇಲ್ಲದೆ ಗ್ಲೈಕಾನ್ ಮಾತೇ ಆಡಬೇಡಿ ಅಂದವರೂ ಇದ್ದರು. ಈಗ ಮೈಸೂರಿನ ನಮ್ಮ ಸಣ್ಣ ಲ್ಯಾಬಿನಲ್ಲಿ ಒಂಬತ್ತು ಮ್ಯಾನೋಸ್ ಸಕ್ಕರೆ ಹೊತ್ತ ಮ್ಯಾನ್9ರಿಂದ ಹಿಡಿದು ಎರಡು ಸಿಯಾಲಿಕ್ ಆಮ್ಲ ಹೊತ್ತ ಪೂರ್ಣ ಸರಪಳಿಯವರೆಗೆ ಪೀಕ್‌ಗಳು ಸಾಲಾಗಿ, ಪ್ರತಿ ಸಲವೂ ಅದೇ ಜಾಗದಲ್ಲಿ ಬರುತ್ತಿವೆ. ಕೇಳುವವರು ಜಾಸ್ತಿಯಾದ್ದರಿಂದ ಬರೆದಿಡುತ್ತಿದ್ದೇನೆ. ಅಳತೆಗಳು ನೆನಪಿನವು, ಹತ್ತಿಪ್ಪತ್ತು ಪರ್ಸೆಂಟ್ ಆಚೀಚೆ ಇಟ್ಟುಕೊಳ್ಳಿ.

ಸೆಲ್ ಕಲ್ಚರ್, ಎಚ್‌ಪಿಎಲ್‌ಸಿ ಗೊತ್ತಿರುವವರಿಗೇ ಇದು. ದಾರಿ ಮಾತ್ರ ಒಂದೇ ಉಸಿರಲ್ಲಿ ಹೇಳಿಬಿಡುತ್ತೇನೆ. ಡಾಲಿಕಾಲ್ ಕೊಬ್ಬಿನ ಮೇಲೆ 2 ಗ್ಲಕ್‌ನ್ಯಾಕ್ (ಎನ್-ಅಸಿಟೈಲ್ ಗ್ಲೂಕೋಸಮೈನ್), 9 ಮ್ಯಾನೋಸ್, 3 ಗ್ಲೂಕೋಸ್ ಸೇರಿ 14 ಸಕ್ಕರೆಗಳ ಗೊಂಚಲು ಮೊದಲೇ ತಯಾರಾಗುತ್ತದೆ. ಇದರಲ್ಲಿ ಮೊದಲ 7 ಸೇರುವುದು ಇಆರ್ (ಕೋಶದೊಳಗೆ ಪ್ರೋಟೀನ್ ತಯಾರಾಗುವ ಪೊರೆಜಾಲ) ಪೊರೆಯ ಹೊರಮೈಯಲ್ಲಿ, ಉಳಿದ 7 ಒಳಮೈಯಲ್ಲಿ. ಆಸ್ಪರಜಿನ್, ಅದರ ಮುಂದೆ ಪ್ರೋಲಿನ್ ಬಿಟ್ಟು ಯಾವುದಾದರೊಂದು ಅಮೈನೋ ಆಮ್ಲ, ಆಮೇಲೆ ಸೆರಿನ್ ಅಥವಾ ಥ್ರಿಯೋನಿನ್, ಈ ಸಾಲು ಸಿಕ್ಕ ಕಡೆ ಇಡೀ ಗೊಂಚಲು ಪ್ರೋಟೀನಿಗೆ ವರ್ಗವಾಗುತ್ತದೆ. ಅಲ್ಲಿಂದ ಮುಂದೆ ಮೊದಲು ಕತ್ತರಿಸುವ ಕೆಲಸ: ಮೂರು ಗ್ಲೂಕೋಸ್, ನಂತರ ಮ್ಯಾನೋಸ್‌ಗಳು ಐದು ಉಳಿಯುವವರೆಗೆ. ಇಆರ್‌ನ ಮುಂದಿನ ನಿಲ್ದಾಣವಾದ ಗಾಲ್ಜಿಯಲ್ಲಿ ಗ್ಲಕ್‌ನ್ಯಾಕ್ ಟ್ರಾನ್ಸ್‌ಫರೇಸ್-1 ಒಂದು ಗ್ಲಕ್‌ನ್ಯಾಕ್ ಕೂರಿಸಿದ ಮೇಲೆ ಇನ್ನೆರಡು ಮ್ಯಾನೋಸ್ ಹೋಗಿ ಎರಡನೇ ಕೊಂಬೆ, ಬುಡದ ಫ್ಯೂಕೋಸ್, ಗ್ಯಾಲಕ್ಟೋಸ್, ಸಿಯಾಲಿಕ್ ಆಮ್ಲ ಬರುತ್ತವೆ. ಡಿಎನ್‌ಎ ಥರ ಅಚ್ಚು ಇಲ್ಲಿಲ್ಲ. ಯಾವ ಎಂಜೈಮ್ ಯಾರ ಹಿಂದೆ ನಿಂತಿದೆ ಅನ್ನೋದೇ ನಕ್ಷೆ. ಅದಕ್ಕೇ ಒಂದೊಂದು ಎಂಜೈಮಿನ ಕೈ ಕಟ್ಟಿ ನೋಡಿದರೆ ಸರದಿ ತಾನೇ ಬಾಯಿಬಿಡುತ್ತದೆ.

ಎಲ್ಲರೂ ಮೊದಲು ಎಡವುವುದು ಸ್ಯಾಂಪಲ್ ಆಯ್ಕೆಯಲ್ಲಿ. ಕೋಶ ಒಡೆದು ಲೈಸೇಟ್ ತೆಗೆದು ಓಡಿಸಿದರೆ ಕಾಣುವುದು ಬರೀ ಮ್ಯಾನೋಸ್: ಮ್ಯಾನ್9, ಮ್ಯಾನ್8, ಒಂದಿಷ್ಟು ಮ್ಯಾನ್5, 6, 7. ಎರಡೂ ಕೊಂಬೆ, ಗ್ಯಾಲಕ್ಟೋಸ್ ಎಲ್ಲ ಬಂದು ಮುಗಿದ ಕಾಂಪ್ಲೆಕ್ಸ್ ಗ್ಲೈಕಾನ್ ಗ್ರಾಫಿನ ತಳದ ಗದ್ದಲದಲ್ಲಿ ಮುಳುಗಿರುತ್ತದೆ. ನಿಮ್ಮ ಡಿಟೆಕ್ಟರಿಗೆ ತಾಕತ್ತಿಲ್ಲ ಅಂತ ಹೇಳಿದವರು ಈ ಚಿತ್ರ ನೋಡಿಯೇ ಹೇಳಿದ್ದು. ಡಿಟೆಕ್ಟರ್ ಸರಿಯಾಗಿಯೇ ಇತ್ತು. ಕೋಶದೊಳಗಿನ ಗ್ಲೈಕೋಪ್ರೋಟೀನಿನಲ್ಲಿ ಬಹುಪಾಲು ಇನ್ನೂ ಇಆರ್‌ನಲ್ಲೇ ಅರ್ಧ ಕೆಲಸದಲ್ಲಿ ಕೂತಿರುತ್ತದೆ. ಕೆಲಸ ಮುಗಿದದ್ದು ಹೊರಗೆ ಹೋಗಿರುತ್ತದೆ. ಹೆಪ್‌ಜಿ2 ಯಕೃತ್ತಿನ ಮೂಲದ್ದಾದ್ದರಿಂದ ಟ್ರಾನ್ಸ್‌ಫರಿನ್, ಆಲ್ಫಾ-1-ಆಂಟಿಟ್ರಿಪ್ಸಿನ್ ಎಲ್ಲ ಕೋಶ ಬೆಳೆಸುವ ದ್ರವಕ್ಕೆ, ಅಂದರೆ ಮೀಡಿಯಂಗೇ ಸುರಿಯುತ್ತದೆ. ಹಾಗಾಗಿ ಒಂದೇ ಡಿಷ್‌ನಿಂದ ಎರಡು ಸ್ಯಾಂಪಲ್ ತೆಗೆಯಬೇಕು: ಲೈಸೇಟ್ ಒಂದು, ಮೀಡಿಯಂ ಇನ್ನೊಂದು. ಈ ಎರಡನ್ನು ಪಕ್ಕ ಪಕ್ಕ ಇಟ್ಟು ಓದುವುದೇ ಇಡೀ ವಿಧಾನದ ಜೀವ.

ಮೀಡಿಯಂ ಅಂದ ಕೂಡಲೇ ಸೀರಂ ತಾಪತ್ರಯ. 10 ಪರ್ಸೆಂಟ್ ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ) ಹಾಕಿದ ಮೀಡಿಯಂನಲ್ಲಿ ನಿಮಗೆ ಸಿಗುವುದು ಕರುವಿನ ಗ್ಲೈಕಾನ್. ಕೋಶ ಮುಕ್ಕಾಲು ಭಾಗ ತುಂಬಿದ ಮೇಲೆ ಬೆಚ್ಚಗಿನ ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು, ಸೀರಂ ಇಲ್ಲದ ಮೀಡಿಯಂನಲ್ಲಿ ಒಂದೆರಡು ಗಂಟೆ ಬಿಟ್ಟು ಅದನ್ನೂ ಚೆಲ್ಲಿ, ಹೊಸದು ಹಾಕಿ 24ರಿಂದ 36 ಗಂಟೆ ಸಂಗ್ರಹಿಸಬೇಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಕೋಶ ಸಾಯಲು ಶುರುವಾಗಿ ಒಳಗಿನ ಮ್ಯಾನೋಸ್ ಹೊರಗೆ ಸೋರುತ್ತದೆ. ಮೀಡಿಯಂ ಸ್ಯಾಂಪಲ್‌ನಲ್ಲಿ ಮ್ಯಾನ್9 ದಪ್ಪಗೆ ಕಂಡರೆ ಕೋಶ ಸತ್ತಿದೆ ಅಂತಲೇ ಲೆಕ್ಕ.

ಎಷ್ಟು ತೊಳೆದರೂ ಎಫ್‌ಬಿಎಸ್‌ನ ಒಂದು ಗುರುತು ಉಳಿಯುತ್ತದೆ. ಮನುಷ್ಯರಲ್ಲಿ ಸಿಎಮ್‌ಎಎಚ್ ಜೀನ್ ಕೆಟ್ಟಿರುವುದರಿಂದ ಎನ್‌ಇಯು5ಜಿಸಿ ಎಂಬ ಸಿಯಾಲಿಕ್ ಆಮ್ಲವನ್ನು ನಮ್ಮ ಕೋಶ ತಾನಾಗಿ ಮಾಡಲಾರದು. ಆದರೆ ಕರುವಿನ ಸೀರಂನಿಂದ ಎತ್ತಿಕೊಂಡು ತನ್ನ ಸರಪಳಿಗೇ ಜೋಡಿಸಿಕೊಳ್ಳುತ್ತದೆ. ಮುಖ್ಯ ಪೀಕ್‌ನ ಪಕ್ಕ ಒಂದು ಸಣ್ಣ ಭುಜ ಎದ್ದಾಗ ಇದೇ ಅಂತ ಅನುಮಾನ ಬಂತು. 2 ಮೋಲಾರ್ ಅಸಿಟಿಕ್ ಆಮ್ಲದಲ್ಲಿ 80 ಡಿಗ್ರಿಗೆ ಮೂರು ಗಂಟೆ ಇಟ್ಟು ಸಿಯಾಲಿಕ್ ಆಮ್ಲ ಬಿಡಿಸಿ, ಡಿಎಮ್‌ಬಿ ಎಂಬ ಹೊಳೆಯುವ ಲೇಬಲ್ ಹಾಕಿ ಸಿ18 ಕಾಲಮ್‌ನಲ್ಲಿ ನೋಡಿದರೆ ಮನುಷ್ಯರ ಮಾಮೂಲಿ ಎನ್‌ಇಯು5ಎಸಿಗಿಂತ ಮುಂಚೆ ಎನ್‌ಇಯು5ಜಿಸಿ ಪೀಕ್ ಎದ್ದು ಕಂಡಿತು. ಸೀರಂ ಇಲ್ಲದೆಯೇ ಕೋಶ ಬೆಳೆಸುವ ವಿಶೇಷ ಮೀಡಿಯಂನಲ್ಲಿ ಎರಡು ಮೂರು ಪ್ಯಾಸೇಜ್ (ಡಿಷ್ ಬದಲಾವಣೆ) ಬೆಳೆಸಿದ ಮೇಲೆ ಭುಜ ಕುಗ್ಗಿತು.

ಮೀಡಿಯಂ ಸಾಂದ್ರ ಮಾಡಲು 10 ಕೆಡಿಎ ಫಿಲ್ಟರ್ ಬಳಸುವಾಗ ರಿಜನರೇಟೆಡ್ ಸೆಲ್ಯುಲೋಸ್ ಪೊರೆ ಬೇಡ, ಪಿಇಎಸ್ ಎಂಬ ಪ್ಲಾಸ್ಟಿಕ್ ಪೊರೆ ತಗೊಳ್ಳಿ. ಸೆಲ್ಯುಲೋಸ್ ಅಂದರೂ ಗ್ಲೂಕೋಸ್ ಸರಪಳಿಯೇ ತಾನೆ, ಉದುರಿದ್ದೆಲ್ಲ ಲೇಬಲ್ ಹಿಡಿಯುತ್ತದೆ.

ಗ್ಲೈಕಾನ್ ಬಿಡಿಸುವುದಕ್ಕೆ ಪುಸ್ತಕದ ದಾರಿ ಎಂದರೆ ಟ್ಯೂಬಿನಲ್ಲಿ ಅರ್ಧ ಪರ್ಸೆಂಟ್ ಎಸ್‌ಡಿಎಸ್, 40 ಮಿಲಿಮೋಲಾರ್ ಡಿಟಿಟಿ, 100 ಡಿಗ್ರಿಗೆ 10 ನಿಮಿಷ. ಆಮೇಲೆ ಎಸ್‌ಡಿಎಸ್ ಡಿಟರ್ಜೆಂಟು, ಗ್ಲೈಕಾನನ್ನು ಪ್ರೋಟೀನಿನಿಂದ ಕಡಿಯುವ ಪಿಎನ್‌ಜಿಯೇಸ್ ಎಫ್ ಎಂಜೈಮಿನ ಕತ್ತು ಹಿಸುಕದ ಹಾಗೆ 1 ಪರ್ಸೆಂಟ್ ಎನ್‌ಪಿ-40. ಬಿಡುಗಡೆ ಚೆನ್ನಾಗಿಯೇ ಆಗುತ್ತದೆ, ಆದರೆ ಡಿಟರ್ಜೆಂಟ್ ಕೊನೆವರೆಗೂ ಬೆನ್ನು ಬಿಡುವುದಿಲ್ಲ. ಅದರ ಮೇಲೆ ಹೆಪ್‌ಜಿ2ನ ಗ್ಲೈಕೋಜನ್ ಚೂರುಗಳು. ಲೈಸೇಟ್ ಓಡಿಸಿದರೆ ಏಣಿ ಮೆಟ್ಟಿಲ ಹಾಗೆ ಸಮ ಅಂತರದ ಪೀಕ್‌ಗಳು, ಅವುಗಳ ಮಧ್ಯೆ ನಮ್ಮ ಗ್ಲೈಕಾನ್ ಎಲ್ಲೋ. ಸಮ ಅಂತರದಲ್ಲಿ ಪೀಕ್ ಬಂದರೆ ಖುಷಿಪಡಬೇಡಿ, ಅದು ಗ್ಲೂಕೋಸ್ ಕಸ. ಅಸಲಿ ಎನ್-ಗ್ಲೈಕಾನ್ ಅಷ್ಟು ಶಿಸ್ತಾಗಿ ಬರುವುದಿಲ್ಲ.

ಎರಡಕ್ಕೂ ಒಂದೇ ಮದ್ದು ಪಿವಿಡಿಎಫ್ ಪೊರೆ. ಎಥನಾಲಿನಲ್ಲಿ ಒದ್ದೆ ಮಾಡಿದ ಪೊರೆಯ ಮೇಲೆ 50 ಮೈಕ್ರೋಗ್ರಾಂ ಆಸುಪಾಸು ಪ್ರೋಟೀನನ್ನು ಎರಡೂವರೆ ಮೈಕ್ರೋಲೀಟರಿನಂತೆ ಚುಕ್ಕಿ ಚುಕ್ಕಿಯಾಗಿ ಇಟ್ಟು ರಾತ್ರಿಯಿಡೀ ಒಣಗಿಸಿ. ಪ್ರೋಟೀನ್ ಪೊರೆಗೆ ಕಚ್ಚಿಕೊಂಡು ಕೂರುತ್ತದೆ, ಗ್ಲೈಕೋಜನ್ ಚೂರು, ಉಪ್ಪು, ಡಿಟರ್ಜೆಂಟ್ ನೀರಿನಲ್ಲಿ ಹೋಗುತ್ತವೆ. ಚುಕ್ಕಿ ಕತ್ತರಿಸಿ 96 ಬಾವಿಯ ಪ್ಲೇಟಿಗೆ ಹಾಕಿ, 1 ಪರ್ಸೆಂಟ್ ಪಿವಿಪಿ-40ಯಲ್ಲಿ ಐದು ನಿಮಿಷ ಬ್ಲಾಕ್ ಮಾಡಿ, ನೀರಿನಲ್ಲಿ ಚೆನ್ನಾಗಿ ತೊಳೆದು, 10 ಮೈಕ್ರೋಲೀಟರ್ ಎಂಜೈಮ್ ಹಾಕಿ 37 ಡಿಗ್ರಿಗೆ ರಾತ್ರಿಯಿಡೀ ಬಿಡಿ. ಬಾವಿ ಒಣಗಿದರೆ ಕೆಲಸ ಕೆಟ್ಟಿತು. ಖಾಲಿ ಬಾವಿಗಳಿಗೆಲ್ಲ ನೀರು ತುಂಬಿ ಪ್ಯಾರಾಫಿಲ್ಮ್ ಸುತ್ತಬೇಕು. ಪಿಎನ್‌ಜಿಯೇಸ್ ಎಫ್ ಕೊಳ್ಳುವಾಗ ಗ್ಲಿಸರಾಲ್ ಇಲ್ಲದ್ದನ್ನೇ ಕೇಳಿ. ಗ್ಲಿಸರಾಲ್ ಇದ್ದರೆ ಸ್ಯಾಂಪಲ್ ಒಣಗುವುದೇ ಇಲ್ಲ, ತಳದಲ್ಲಿ ಜೇನಿನ ಹಾಗೆ ಕೂರುತ್ತದೆ, ಲೇಬಲ್ ಹಿಡಿಯದು.

ಬಹಳ ಜನ ಹಾರಿಸುವ ಹಂತ ಇನ್ನೊಂದಿದೆ. ಎಂಜೈಮ್ ಬಿಡಿಸಿದ ಕೂಡಲೇ ಸರಪಳಿಯ ತುದಿಯಲ್ಲಿರುವುದು ಅಮೈನ್, ಲೇಬಲ್ ಹಿಡಿಯುವ ಬಯಲಾದ ರೆಡ್ಯೂಸಿಂಗ್ ತುದಿಯಲ್ಲ. 100 ಮಿಲಿಮೋಲಾರ್ ಅಮೋನಿಯಂ ಅಸಿಟೇಟ್, ಪಿಎಚ್ 5, ರೂಮಿನ ಉಷ್ಣತೆಯಲ್ಲಿ ಒಂದು ಗಂಟೆ. ಇದು ಮಾಡದಿದ್ದರೆ ಲೇಬಲಿಂಗ್ ಒಂದು ದಿನ ಭರ್ತಿ, ಇನ್ನೊಂದು ದಿನ ಅರ್ಧ.

ಗ್ಲೈಕಾನ್ ಡಿಟೆಕ್ಟರಿಗೆ ಕಾಣುವಂತೆ ಹೊಳೆಯಿಸುವ ಲೇಬಲ್ 2-ಎಬಿ. 2-ಎಎ ಇನ್ನೂ ಹೊಳೆಯುತ್ತದೆ ಅಂತಾರೆ, ಆದರೆ ಅದು ಆಂಥ್ರನಿಲಿಕ್ ಆಮ್ಲ, ಮೆಥಾಕ್ವಲೋನ್ ಮಾದಕದ ಮೂಲವಸ್ತುವೂ ಹೌದು, ಅದರ ಕಾಗದಪತ್ರದ ಗೋಜು ಯಾರಿಗೆ ಬೇಕು. 70 ಮೈಕ್ರೋಲೀಟರ್ ಡಿಎಮ್‌ಎಸ್‌ಒ, 30 ಅಸಿಟಿಕ್ ಆಮ್ಲ, 5 ಮಿಲಿಗ್ರಾಂ 2-ಎಬಿ, 6 ಮಿಲಿಗ್ರಾಂ ಸೋಡಿಯಂ ಸಯನೋಬೋರೋಹೈಡ್ರೈಡ್. ಇದು ಹತ್ತಿಪ್ಪತ್ತು ಸ್ಯಾಂಪಲ್‌ಗೆ ಸಾಕು. 65 ಡಿಗ್ರಿ, 2 ಗಂಟೆ. ಮೂರು ಗಂಟೆ ಬಿಟ್ಟರೂ ಏನಾಗಲ್ಲ, ಆದರೆ ಉಷ್ಣತೆ ಏರಿಸಿದರೆ ಸಿಯಾಲಿಕ್ ಆಮ್ಲ ಉದುರುತ್ತದೆ. ಸ್ಯಾಂಪಲ್ ಪೂರ್ತಿ ಒಣಗಿರಬೇಕು. ಸಯನೋಬೋರೋಹೈಡ್ರೈಡ್ ಆಮ್ಲದ ಜೊತೆ ಸೇರಿದರೆ ಹೈಡ್ರೋಜನ್ ಸಯನೈಡ್ ಬರುವ ಸಾಮಾನು, ಫ್ಯೂಮ್ ಹುಡ್ ಬಿಟ್ಟು ಹೊರಗೆ ತೂಗಲೂ ಬೇಡಿ, ಉಳಿದದ್ದನ್ನು ಆಮ್ಲದ ವೇಸ್ಟ್ ಕ್ಯಾನಿಗೆ ಹಾಕಲೇಬೇಡಿ. ನಾವೀಗ ಪಿಕೋಲಿನ್ ಬೋರೇನ್‌ಗೆ ಬದಲಾಗಿದ್ದೇವೆ. ಫಲಿತಾಂಶ ಒಂದೇ, ಎದೆಬಡಿತ ಕಮ್ಮಿ.

ಈಗ ಹತ್ತಿ. ಹೆಚ್ಚಾದ 2-ಎಬಿ ತೆಗೆಯದಿದ್ದರೆ ಮೊದಲ ಕಾಲು ಗಂಟೆ ಪರದೆ ತುಂಬ ಅದೊಂದೇ. ರೆಡಿ ಕಾರ್ಟ್ರಿಜ್ ಒಂದೊಂದಕ್ಕೂ ನೂರಾರು ರೂಪಾಯಿ. ಸರ್ಜಿಕಲ್ ಹತ್ತಿಯನ್ನು 200 ಮೈಕ್ರೋಲೀಟರ್ ಟಿಪ್‌ಗೆ ತುರುಕಿದರೆ ಅದೇ ಕೆಲಸ ಐದು ಪೈಸೆಗೆ. ನೀರಿನಲ್ಲಿ ತೊಳೆದು, 85 ಪರ್ಸೆಂಟ್ ಅಸಿಟೋನೈಟ್ರೈಲ್‌ಗೆ ಒಗ್ಗಿಸಿ, ಸ್ಯಾಂಪಲನ್ನೂ ಅದೇ ಪ್ರಮಾಣದ ಅಸಿಟೋನೈಟ್ರೈಲಿನಲ್ಲಿ ಕಲಸಿ, ಪಿಪೆಟ್‌ನಿಂದ ಇಪ್ಪತ್ತು ಸಲ ಮೇಲೆ ಕೆಳಗೆ ಎಳೆದು, ಮತ್ತೆ ಅದೇ 85ರಲ್ಲಿ ಮೂರು ಸಲ ತೊಳೆದು, ಬರೀ ನೀರಿನಲ್ಲಿ ಇಳಿಸಿಕೊಳ್ಳುವುದು. ಹತ್ತಿಯೂ ಸೆಲ್ಯುಲೋಸ್, ಹಾಗಾಗಿ ಮೊದಲೇ ಹೇಳಿದ ಗ್ಲೂಕೋಸ್ ಕಸ ಇಲ್ಲೂ ಬರುತ್ತದೆ. ಬಿಸಿನೀರಿನಲ್ಲಿ ಹಿಂದಿನ ದಿನವೇ ಕುದಿಸಿ ಒಣಗಿಸಿದರೆ ಮುಕ್ಕಾಲು ಹೋಗುತ್ತದೆ. ಉಳಿದ ಕಾಲು ಭಾಗ ಹೋಗಿಸಲು ನಾವು ಇನ್ನೊಂದು ತೊಳೆತ ಮಾಡುತ್ತೇವೆ, ಅದೇನು ಅನ್ನೋದು ನಮ್ಮಲ್ಲೇ ಇರಲಿ. ಟಿಪ್‌ಗೆ ಎಷ್ಟು ಹತ್ತಿ ಅಂದರೆ ಅರ್ಧ ಮಿಲಿಗ್ರಾಂ ಆಸುಪಾಸು. ಜಾಸ್ತಿ ತುರುಕಿದರೆ ದೊಡ್ಡ ಗ್ಲೈಕಾನ್ ಇಳಿಯದೆ ಅಲ್ಲೇ ಕೂರುತ್ತದೆ.

ಪೀಕ್‌ಗೆ ಹೆಸರಿಡಲು ಗ್ಲೂಕೋಸ್ ಏಣಿ ಬೇಕು, ಅಂದರೆ ಒಂದು, ಎರಡು, ಮೂರು ಹೀಗೆ ಗ್ಲೂಕೋಸ್ ಇರುವ ಸರಪಳಿಗಳ ಸಾಲು. ಅದರ ಮೇಲೆ ಎಷ್ಟನೇ ಮೆಟ್ಟಿಲಲ್ಲಿ ನಿಮ್ಮ ಪೀಕ್ ಬಂತು ಅನ್ನುವ ಸಂಖ್ಯೆಯೇ ಜಿಯು (ಗ್ಲೂಕೋಸ್ ಯೂನಿಟ್). ಲೇಬಲ್ ಹಾಕಿದ ಡೆಕ್ಸ್‌ಟ್ರಾನ್ ಏಣಿ ಮಾರ್ಕೆಟ್‌ನಲ್ಲಿ ಸಿಗುತ್ತದೆ, ಒಂದು ಚಿಕ್ಕ ವಯಲ್‌ಗೆ ಕೊಡುವ ದುಡ್ಡಲ್ಲಿ ಒಂದು ಟನ್‌ಗೂ ಜಾಸ್ತಿ ಕಬ್ಬು ಬರುತ್ತದೆ. ಕಬ್ಬಿನ ಮಾತು ಸುಮ್ಮನೆ ಎತ್ತಿದ್ದಲ್ಲ. ಮಂಡ್ಯ ಕಡೆ ಕಡಿದ ಕಬ್ಬು ಗಾಣಕ್ಕೆ ಬೀಳುವುದು ನಾಲ್ಕು ದಿನ ತಡವಾದರೆ ಹಾಲು ಲೋಳೆಯಾಗುತ್ತದಲ್ಲ, ಆ ಲೋಳೆ ಡೆಕ್ಸ್‌ಟ್ರಾನ್. ಲ್ಯುಕೋನೋಸ್ಟಾಕ್ ಬ್ಯಾಕ್ಟೀರಿಯಾ ಸುಕ್ರೋಸಿನಿಂದ ಹೆಣೆಯುವ ಗ್ಲೂಕೋಸ್ ಸರಪಳಿ. ಸಕ್ಕರೆ ಕಾರ್ಖಾನೆಯವರಿಗೆ ತಲೆನೋವು, ನಮಗೆ ಸ್ಟ್ಯಾಂಡರ್ಡ್.

ಹಳೇ ಕಬ್ಬಿನ ಹಾಲು ಒಂದು ಲೀಟರ್ ಸೋಸಿ ಮುಚ್ಚಿಡಿ. ಅದಕ್ಕೆ ಬೇಕಾದ್ದು 25ರಿಂದ 30 ಡಿಗ್ರಿ, ಮೈಸೂರಿನ ಹವೆಗೆ ಇನ್‌ಕ್ಯುಬೇಟರೇ ಬೇಡ. ಎರಡನೇ ದಿನಕ್ಕೆ ಲೋಟದಿಂದ ಸುರಿದರೆ ಎಳೆ ಎಳೆಯಾಗಿ ಇಳಿಯುತ್ತದೆ. ಸಮಪ್ರಮಾಣ ಎಥನಾಲ್ ಹಾಕಿದರೆ ಅಂಟಿನ ಮುದ್ದೆ ತಳಕ್ಕೆ ಬರುತ್ತದೆ. ನೀರಿನಲ್ಲಿ ಕರಗಿಸಿ ಮತ್ತೆ ಎಥನಾಲ್, ಹೀಗೆ ಮೂರು ಸಲ. ಬೆಳ್ಳಗಾದ ಮೇಲೆ ಒಣಗಿಸಿ, 100 ಮಿಲಿಗ್ರಾಂ ತೂಗಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 100 ಡಿಗ್ರಿಗೆ ಇಟ್ಟು ಅರ್ಧರ್ಧ ಗಂಟೆಗೊಮ್ಮೆ ಸ್ವಲ್ಪ ತೆಗೆದು ತಟಸ್ಥ ಮಾಡಿ. ಮೂರೂವರೆ ನಾಲ್ಕು ಗಂಟೆಯ ಹತ್ತಿರದ್ದು ಚೆನ್ನ: 1ರಿಂದ 15ರವರೆಗೆ ಮೆಟ್ಟಿಲು ಸಿಗುತ್ತದೆ. ಕಮ್ಮಿ ಬೇಯಿಸಿದರೆ ಎಲ್ಲ ಉದ್ದುದ್ದ, ಜಾಸ್ತಿಯಾದರೆ ಬರೀ ಗ್ಲೂಕೋಸ್. ಸುಕ್ರೋಸಿಗೆ ರೆಡ್ಯೂಸಿಂಗ್ ತುದಿ ಇಲ್ಲ, ಹಾಗೇ ಇದ್ದರೆ ಅದು ಲೇಬಲ್ ಹಿಡಿಯದು, ಆಮ್ಲದಲ್ಲಿ ಒಡೆದರೆ ಹಿಡಿಯುತ್ತದೆ. ಜೊತೆಗೆ ಹುಳಿತ ಹಾಲಿನಲ್ಲಿ ಮೊದಲೇ ಒಡೆದ ಗ್ಲೂಕೋಸ್, ಫ್ರಕ್ಟೋಸ್ ಧಾರಾಳವಾಗಿರುತ್ತವೆ, ಎಥನಾಲ್ ತೊಳೆತದಲ್ಲಿ ಜಿಪುಣತನ ಮಾಡಿದರೆ 1ನೇ ಮೆಟ್ಟಿಲು ಗೋಪುರವಾಗುತ್ತದೆ.

ಮೊದಮೊದಲ ಬ್ಯಾಚ್‌ಗಳಲ್ಲಿ ಪ್ರತಿ ಮೆಟ್ಟಿಲ ಪಕ್ಕ ಇನ್ನೊಂದು ಮರಿ ಪೀಕ್. ಅದಕ್ಕೆ ಎರಡು ಕಾರಣ. ಕಬ್ಬಿನ ಹಾಲಿನಲ್ಲಿ ಪಿಷ್ಟವೂ ಇರುತ್ತದೆ, ಅದರ 1-4 ಜೋಡಣೆಯ ಚೂರು ಡೆಕ್ಸ್‌ಟ್ರಾನಿನ 1-6 ಜೋಡಣೆಯ ಜಾಗದಲ್ಲಿ ಕೂರುವುದಿಲ್ಲ. ಅಮೈಲೇಸ್ ಹಾಕಿ ಒಡೆದರೆ ಇದು ಹೋಯಿತು. ಎರಡನೆಯದು ಬ್ಯಾಕ್ಟೀರಿಯಾದ ತಳಿ. ಕೆಲವು ತಳಿಗಳ ಡೆಕ್ಸ್‌ಟ್ರಾನಿಗೆ ಕೊಂಬೆ ಜಾಸ್ತಿ. ಬೇರೆ ಬೇರೆ ಊರಿನ ಲೋಳೆ ತಂದು ಹೋಲಿಸಿ, ಒಂದು ಚೆನ್ನಾಗಿರುವ ತಳಿಯನ್ನು ಫ್ರೀಜರಿನಲ್ಲಿಟ್ಟಿದ್ದೇವೆ. ಎಲ್ಲಿಯದು ಅಂತ ಕೇಳಬೇಡಿ. ಒಂದೇ ಒಂದು ಸಲ ಕೊಂಡ ಸ್ಟ್ಯಾಂಡರ್ಡ್ ಜೊತೆ ತಾಳೆ ನೋಡಿಕೊಂಡರೆ ಆಮೇಲೆ ಕೊಳ್ಳುವ ಯೋಚನೆಯಿಲ್ಲ, ಐದನೇ ಘಾತದ ಬಹುಪದಿ ಮಾತ್ರ ಸ್ಯಾಂಪಲ್ ಜೊತೆ ಓಡಿಸಿದ ಏಣಿಗೆ ಪ್ರತಿ ಸಲ ಕೂರಿಸಬೇಕು.

ಕಾಲಮ್ ಅಮೈಡ್, 4.6ಕ್ಕೆ 250 ಮಿಲಿಮೀಟರ್, 30 ಡಿಗ್ರಿ. ಬಫರ್ 50 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್, ಪಿಎಚ್ 4.4. ಪುಡಿ ಕೊಳ್ಳಬೇಡಿ, ಲೀಟರಿಗೆ 1.9 ಮಿಲಿ ಫಾರ್ಮಿಕ್ ಆಮ್ಲ ಹಾಕಿ ಅಮೋನಿಯಾ ದ್ರಾವಣದಿಂದ ಪಿಎಚ್ ಏರಿಸಿದರೆ ಅದೇ. ಅಸಿಟೋನೈಟ್ರೈಲ್ 80ರಿಂದ ಶುರುಮಾಡಿ ನಿಧಾನಕ್ಕೆ 50ರ ಆಸುಪಾಸಿಗೆ ಇಳಿಸುವುದು, ನಿಮಿಷಕ್ಕೆ 0.4 ಮಿಲಿ, ನೂರು ನಿಮಿಷ. ಎಕ್ಸೈಟೇಷನ್ 330, ಎಮಿಷನ್ 420 ನ್ಯಾನೋಮೀಟರ್. ಸ್ಯಾಂಪಲನ್ನು ನೀರಿನಲ್ಲೇ ಇಂಜೆಕ್ಟ್ ಮಾಡಿದರೆ ಪೀಕ್ ಸೀಳುತ್ತದೆ, 75 ಪರ್ಸೆಂಟ್ ಅಸಿಟೋನೈಟ್ರೈಲ್ ಇರಲೇಬೇಕು. ಒಂದು ರನ್‌ಗೆ ಅಸಿಟೋನೈಟ್ರೈಲ್ 27 ಮಿಲಿ ಹಿಡಿಸುತ್ತದೆ, ಎರಡೂವರೆ ಲೀಟರ್ ಬಾಟಲಿಗೆ 90 ರನ್. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದರೆ ಕಾಲಮ್ ಓವನ್ ತಣ್ಣಗಾಗಿ ಪೀಕ್‌ಗಳು ಜಾಗ ಬಿಡುತ್ತವೆ. ಪಂಪ್‌ಗೆ ಮಾತ್ರ ಅಲ್ಲ, ಓವನ್‌ಗೂ ಯುಪಿಎಸ್ ಕೊಡಿ.

ಸ್ಯಾಂಪಲ್‌ಗೆ ಮುಂಚೆ ಮನುಷ್ಯ ಸೀರಂನ ಐಜಿಜಿ ಪ್ರತಿಕಾಯದ ಗ್ಲೈಕಾನ್ ಓಡಿಸುವುದು ನಮ್ಮ ಪದ್ಧತಿ. ಬುಡದಲ್ಲಿ ಫ್ಯೂಕೋಸ್ ಇರುವ ಎರಡು ಕೊಂಬೆಯದು 5.9 ಜಿಯು, ಒಂದು ಗ್ಯಾಲಕ್ಟೋಸ್ ಬಂದರೆ 6.6-6.7 ಜೋಡಿ ಪೀಕ್, ಎರಡು ಬಂದರೆ 7.5. ಈ ನಾಲ್ಕು ಸರಿಯಾಗಿ ಕೂತರೆ ಆ ದಿನ ಯಂತ್ರ ನಂಬಬಹುದು. ಮ್ಯಾನೋಸ್ ಸಾಲು ಮ್ಯಾನ್5 6.2, ಮ್ಯಾನ್9 9.5. ನೆನಪಿಡಲು ಸುಲಭದ ಲೆಕ್ಕ: ಗ್ಯಾಲಕ್ಟೋಸ್ ಅಥವಾ ಮ್ಯಾನೋಸ್ ಒಂದಕ್ಕೆ 0.8ರ ಸುತ್ತ, ಗ್ಲಕ್‌ನ್ಯಾಕ್ ಅಥವಾ ಬುಡದ ಫ್ಯೂಕೋಸ್‌ಗೆ ಅರ್ಧ.

ಇನ್ನು ಎಂಜೈಮ್‌ಗಳ ಕೈ ಕಟ್ಟುವ ಕೆಲಸ. ಮ್ಯಾನೋಸ್ ಕತ್ತರಿಸುವ ಮ್ಯಾನೋಸಿಡೇಸ್-1 ಅನ್ನು ತಡೆಯುವ ಕಿಫುನೆನ್ಸಿನ್ 5 ಮೈಕ್ರೋಮೋಲಾರ್, ಅಂದರೆ ಮಿಲಿಗೆ 1 ಮೈಕ್ರೋಗ್ರಾಂಗಿಂತ ಚೂರು ಜಾಸ್ತಿ. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಆದರೆ ಒಂದು ಮಿಲಿಗ್ರಾಂ ಎಂಟುನೂರು ಮಿಲಿ ಮೀಡಿಯಂಗೆ ಬರುತ್ತದೆ. 48 ಗಂಟೆ ಮುಂಚೆಯೇ ಹಾಕಿರಬೇಕು, ಇಲ್ಲದಿದ್ದರೆ ಹಳೇ ದಾಸ್ತಾನೇ ಕಾಣುತ್ತಿರುತ್ತದೆ. ಫಲಿತಾಂಶ ಬಲು ಚೊಕ್ಕ: ಮೀಡಿಯಂನಲ್ಲೂ ಮ್ಯಾನ್9, ಜೊತೆಗೆ ಸ್ವಲ್ಪ ಮ್ಯಾನ್8. ಕೊಂಬೆಯಿಲ್ಲ, ಫ್ಯೂಕೋಸೂ ಇಲ್ಲ. ಬುಡದ ಫ್ಯೂಕೋಸ್ ಕೂರಲು ಸಾಮಾನ್ಯವಾಗಿ ಮೇಲೆ ಗ್ಲಕ್‌ನ್ಯಾಕ್ ಮೊದಲು ಕೂತಿರಬೇಕು ಅನ್ನುವ ಸರದಿ ಒಂದೇ ರನ್‌ನಲ್ಲಿ ಕಂಡಿತು. ಅಪೂರ್ಣ ಸರಪಳಿ ಹೊತ್ತೂ ಪ್ರೋಟೀನ್ ಹೊರಗೆ ಬಂದಿದೆ ಅನ್ನುವುದೂ ಅಲ್ಲೇ ಗೊತ್ತಾಯಿತು.

ಸ್ವೈನ್ಸೊನಿನ್ ಮುಂದಿನ ಹಂತದಲ್ಲಿ, ಗಾಲ್ಜಿ ಮ್ಯಾನೋಸಿಡೇಸ್-2ರಲ್ಲಿ ತಡೆಯುತ್ತದೆ. ಮಿಲಿಗೆ 10 ಮೈಕ್ರೋಗ್ರಾಂ. ಒಂದು ಕೊಂಬೆ ಪೂರ್ತಿ, ಇನ್ನೊಂದು ಕಡೆ ಮ್ಯಾನೋಸ್ ಹಾಗೇ ಉಳಿದ ಹೈಬ್ರಿಡ್ ಬರುತ್ತದೆ. ನೋಡಿ ಗುರುತಿಸಲಾಗದು, ಎಂಜೈಮ್‌ಗಳಿಂದ ಒಂದೊಂದೇ ಸಕ್ಕರೆ ಕಳಚಬೇಕು: 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.5, ರಾತ್ರಿಯಿಡೀ. ಸಿಯಾಲಿಡೇಸ್, ಗ್ಯಾಲಕ್ಟೋಸಿಡೇಸ್, ಹೆಕ್ಸೋಸಮಿನಿಡೇಸ್ ಆದ ಮೇಲೆ ಮಾಮೂಲಿ ಸ್ಯಾಂಪಲ್ 7.1, 5.4 ದಾಟಿ 4.4ಕ್ಕೆ ಇಳಿಯುತ್ತದೆ. ಸ್ವೈನ್ಸೊನಿನ್ ಸ್ಯಾಂಪಲ್ 6.2ರಲ್ಲಿ, ಮ್ಯಾನ್5ರ ಜಾಗದಲ್ಲಿ ನಿಂತುಬಿಡುತ್ತದೆ. ಬುಡದ ಫ್ಯೂಕೋಸ್ ಇರುವವು ಎರಡರಲ್ಲೂ ಅರ್ಧ ಮೆಟ್ಟಿಲು ಮೇಲೆ. ಎಂಡೋ ಎಚ್ ಎಂಬ ಎಂಜೈಮ್ ಹಾಕಿಯೂ ತಾಳೆ ನೋಡಬಹುದು, ಆದರೆ ಅದು ಬುಡದ ಎರಡು ಗ್ಲಕ್‌ನ್ಯಾಕ್‌ಗಳ ಮಧ್ಯೆ ಕತ್ತರಿಸುತ್ತದೆ. ಫ್ಯೂಕೋಸ್ ಪ್ರೋಟೀನಿನ ಕಡೆಗೇ ಉಳಿಯುತ್ತದೆ, ಜಿಯು ಎಲ್ಲ ಬೇರೆ. ಹಳೇ ಪಟ್ಟಿ ಹಿಡಿದು ಓದಿದರೆ ಕೆಡುತ್ತೀರಿ.

ಕ್ಯಾಸ್ಟನೋಸ್ಪರ್ಮಿನ್ ವಿಚಾರದಲ್ಲಿ ಎಲ್ಲರೂ ನಮ್ಮನ್ನು ಹಿಡಿದದ್ದು. ಗ್ಲೂಕೋಸ್ ತೆಗೆಯುವ ಮೊದಲ ಹಂತವನ್ನೇ ತಡೆದರೆ ಮುಂದಿನದೆಲ್ಲ ನಿಲ್ಲಬೇಕಲ್ಲ? ಮ್ಯಾನ್9ರ ಆಚೆ ಹೊಸ ಪೀಕ್‌ಗಳೇನೋ ಬಂದವು, ಆದರೆ ಮೀಡಿಯಂನಲ್ಲಿ ಕಾಂಪ್ಲೆಕ್ಸ್ ಗ್ಲೈಕಾನ್ ಒಳ್ಳೇ ಪ್ರಮಾಣದಲ್ಲಿ ಉಳಿದಿತ್ತು. ಡೋಸ್ ಏರಿಸಿದರೂ ಅಷ್ಟೇ. ಮದ್ದು ಹಳಸಿದೆ, ಕಾಲಮ್ ಸುಳ್ಳು ಹೇಳುತ್ತಿದೆ, ಏನೆಲ್ಲ ಮಾತು ಬಂತು. ಕಾರಣ ಗಾಲ್ಜಿಯ ಎಂಡೋಮ್ಯಾನೋಸಿಡೇಸ್. ಗ್ಲೂಕೋಸನ್ನು ಅದರ ಕೆಳಗಿನ ಮ್ಯಾನೋಸ್ ಸಮೇತ ಒಂದೇ ಏಟಿಗೆ ಕತ್ತರಿಸಿ ಅಡ್ಡದಾರಿಯಲ್ಲಿ ಕೆಲಸ ಮುಂದುವರಿಸುತ್ತದೆ, ಹೆಪ್‌ಜಿ2ನಲ್ಲಿ ಇದು ಚುರುಕಾಗಿದೆ. ಅಡ್ಡದಾರಿ ಹಿಡಿದದ್ದೂ ಮುಂದೆ ಮ್ಯಾನೋಸಿಡೇಸ್ ಗೇಟ್ ದಾಟಲೇಬೇಕು. ಹಾಗಾಗಿ ಕಿಫುನೆನ್ಸಿನ್ ಜೊತೆಗೆ ಸೇರಿಸಿದೆವು. ಕಾಂಪ್ಲೆಕ್ಸ್ ಪೂರ್ತಿ ಮಾಯ. ಇದಾದ ಮೇಲೆ ಮಾಸ್ ಸ್ಪೆಕ್ ಮಾತು ಎತ್ತಿದವರು ಕಮ್ಮಿ.

ಟ್ಯೂನಿಕಾಮೈಸಿನ್‌ಗೆ ದುಡ್ಡು ಹಾಕಬೇಡಿ. ಮೊದಲ ಗ್ಲಕ್‌ನ್ಯಾಕನ್ನೇ ತಡೆಯುತ್ತದೆ ಸರಿ, ಆದರೆ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನ್ ಇಆರ್‌ನಲ್ಲಿ ತುಂಬಿ ಕೋಶ ನರಳುತ್ತದೆ. ಗ್ಲೈಕಾನ್ ಇಳಿದದ್ದೋ, ಪ್ರೋಟೀನೇ ಇಳಿದದ್ದೋ ಹೇಳಲಾಗುವುದಿಲ್ಲ.

ಎರಡು ಸಿಯಾಲಿಕ್ ಆಮ್ಲದ ಮುಖ್ಯ ಪೀಕ್ ಮ್ಯಾನ್8 ಇರುವ ಕಡೆಗೇ ಬಂದು ಬೀಳುವುದು ಇನ್ನೊಂದು ಕಿರಿಕಿರಿ. ಅದಕ್ಕೇ ಪ್ರತಿ ಸ್ಯಾಂಪಲನ್ನೂ ಸಿಯಾಲಿಡೇಸ್ ಹಾಕಿ ಮತ್ತು ಹಾಕದೆ, ಎರಡು ಸಲ ಓಡಿಸುವುದು ಖಾಯಂ.

ಮಧ್ಯೆ ಓ-ಗ್ಲೈಕಾನ್ (ಸೆರಿನ್, ಥ್ರಿಯೋನಿನ್‌ಗೆ ಅಂಟುವ ಸಕ್ಕರೆ ಸರಪಳಿ) ಕಡೆಗೂ ಹೋಗಿ ಬಂದೆವು. ಅದಕ್ಕೆ ಪಿಎನ್‌ಜಿಯೇಸ್ ಎಫ್‌ನಂತೆ ಎಲ್ಲವನ್ನೂ ಬಿಡಿಸುವ ಎಂಜೈಮ್ ಇಲ್ಲ, ಕ್ಷಾರದಲ್ಲಿ ಬಿಡಿಸಿದರೆ ತುದಿಯಿಂದ ಸುಲಿಯುತ್ತಾ ಹೋಗುತ್ತದೆ. ಆದರೆ ಓ-ಗ್ಲೈಕಾನ್ ಇರುವ ಪ್ರೋಟೀನನ್ನು ಹಿಡಿಯಲು ಹಲಸಿನ ಬೀಜ ಸಾಕು. ದೇವರಾಜ ಮಾರ್ಕೆಟ್ಟಿನ ಒಂದು ಸೇರು ಬೀಜ ಸಿಪ್ಪೆ ಸುಲಿದು, ಒಣಗಿಸಿ, ಪುಡಿಮಾಡಿ, ಉಪ್ಪುನೀರಿನಲ್ಲಿ ರಾತ್ರಿಯಿಡೀ ತಣ್ಣಗೆ ನೆನೆಸಿ ತಿಳಿ ತೆಗೆದರೆ ಅದರಲ್ಲಿ ಜಾಕಲಿನ್ ಎಂಬ ಲೆಕ್ಟಿನ್ (ಸಕ್ಕರೆ ಗುರುತಿಸಿ ಹಿಡಿಯುವ ಪ್ರೋಟೀನ್) ದಂಡಿಯಾಗಿರುತ್ತದೆ. ಗೋರಿಕಾಯಿ ಬೀಜದ ಗೋಂದನ್ನು ಎಪಿಕ್ಲೋರೋಹೈಡ್ರಿನ್‌ನಿಂದ ಹೆಣೆದು ಕಾಲಮ್ ಮಾಡಿ, ತಿಳಿ ಹಾಯಿಸಿ, ಗ್ಯಾಲಕ್ಟೋಸ್ ದ್ರಾವಣದಲ್ಲಿ ಇಳಿಸಿಕೊಂಡರೆ ಆಯಿತು. ಎಪಿಕ್ಲೋರೋಹೈಡ್ರಿನ್ ಕ್ಯಾನ್ಸರ್ ತರುವಂಥದ್ದು, ಗ್ಲೌಸ್ ಹುಷಾರು. ಈ ಲೆಕ್ಟಿನ್ ಸೀರಂನಿಂದ ಐಜಿಎ1 ಪ್ರತಿಕಾಯವನ್ನು ಹಿಡಿಯುತ್ತದೆ, ಐಜಿಎ2 ಬಿಡುತ್ತದೆ, ಯಾಕೆಂದರೆ 1ರ ಕತ್ತಿನ ಭಾಗದಲ್ಲಿ ಮಾತ್ರ ಓ-ಗ್ಲೈಕಾನ್ ಗೊಂಚಲಿದೆ. ಡಿಸೆಂಬರಿನಲ್ಲಿ ಸೊಗಡಿನ ಅವರೆಯಿಂದ ಮ್ಯಾನೋಸ್ ಹಿಡಿಯುವ ಲೆಕ್ಟಿನ್ ತೆಗೆಯುವುದೂ ನಡೆದಿದೆ. ಕಿಫುನೆನ್ಸಿನ್ ಕೊಟ್ಟ ಕೋಶಕ್ಕೆ ಜಾಸ್ತಿ ಅಂಟುತ್ತದೆ, ಆದರೆ ಕಾಳಿನ ಬೇರೆ ಪ್ರೋಟೀನ್ ಇನ್ನೂ ಬಿಟ್ಟಿಲ್ಲ.

ದುಡ್ಡಿನ ಲೆಕ್ಕ. ಸೆಕೆಂಡ್ ಹ್ಯಾಂಡ್ ಎಚ್‌ಪಿಎಲ್‌ಸಿ ಡಿಟೆಕ್ಟರ್ ಸಮೇತ ಆರೇಳು ಲಕ್ಷ, ಕಾಲಮ್ ಒಂದು ಲಕ್ಷದ ಮೇಲೆ. ಇವೆರಡು ಬಿಟ್ಟರೆ ಎಂಜೈಮ್‌ಗಳದ್ದೇ ದೊಡ್ಡ ಖರ್ಚು. ಬೇಸಿಗೆಯಲ್ಲಿ ಬೆಂಗಳೂರಿನಿಂದ ಬರುವ ಪಾರ್ಸಲ್‌ನಲ್ಲಿ ಐಸ್ ನೀರಾಗಿರುತ್ತದೆ. ಹಾಗೆ ಬಂದ ಹೆಕ್ಸೋಸಮಿನಿಡೇಸ್ ಒಂದು ಅರ್ಧ ಕೆಲಸ ಮಾಡಿ 4.9ರಲ್ಲಿ ಪೀಕ್ ಬಿಟ್ಟಿತ್ತು, ಅದನ್ನು ಹೊಸ ಗ್ಲೈಕಾನ್ ಅಂತ ಹಿಡಿದು ಕೂತರೆ ತಿಂಗಳು ಹೋಗುತ್ತದೆ. ಬಂದ ದಿನವೇ ಐಜಿಜಿ ಮೇಲೆ ಪರೀಕ್ಷಿಸಿ, ಪೂರ್ತಿ ಇಳಿಯದಿದ್ದರೆ ವಾಪಸ್ ಕಳಿಸಿ. ಹತ್ತಿ, ಪಿವಿಡಿಎಫ್, ಮನೆಯ ಏಣಿ ಸೇರಿ ಈಗ ಒಂದು ಸ್ಯಾಂಪಲ್‌ಗೆ ಕಾರ್ಟ್ರಿಜ್ ದಾರಿಯ ಮೂರನೇ ಒಂದು ಭಾಗ ಖರ್ಚು.

ಬಾಕಿ ಇರುವುದು ಸಿಯಾಲಿಕ್ ಆಮ್ಲ 2-3 ಜೋಡಣೆಯದೋ 2-6ರದೋ ಅನ್ನುವ ವಿಂಗಡಣೆ. ನ್ಯುಮೋಕಾಕಸ್‌ನ ಒಂದು ಸಿಯಾಲಿಡೇಸ್ 2-3 ಮಾತ್ರ ಕಡಿಯುತ್ತದೆ, ಆರ್ಥ್ರೋಬ್ಯಾಕ್ಟರಿನದು ಎಲ್ಲವನ್ನೂ. ಎರಡನ್ನೂ ಪಕ್ಕ ಪಕ್ಕ ಹಾಕಿದ ಮೊದಲ ಪ್ಲೇಟ್ ಫ್ರೀಜರಿನಲ್ಲಿದೆ, ಅಸಿಟೋನೈಟ್ರೈಲ್ ಬಾಟಲಿ ಬಂದ ಮೇಲೆ ಓಡಿಸಬೇಕು.